ತಿಪ್ಪೆಗೆ ಎಷ್ಟನೇ ಸ್ಥಾನ?

ಅವ್ವ ತಿಪ್ಪೆಯ ಚೀಟಿಯನ್ನು ಎತ್ತಿ ಮೇಲಿನಿಂದ ಐದನೇ ಜಾಗದಲ್ಲಿ ಇಟ್ಟಳು. ‘ಅವ್ವ, ಅದು ಕೆಳಗೆ ಬರಬೇಕು’ ಅಂದುಬಿಟ್ಟೆ. ಅನ್ನಬಾರದಿತ್ತು. ಒಳ್ಳೆಯದರಿಂದ ಕೆಟ್ಟದ್ದರವರೆಗೆ ಚೀಟಿ ಜೋಡಿಸುವ ಇಂಥ ಪರೀಕ್ಷೆಯಲ್ಲಿ ಪಕ್ಕದಲ್ಲಿ ಕೂತವರು ಬಾಯಿ ಹಾಕುವಂತಿಲ್ಲ.

ಅವ್ವ ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು. ‘ಯಾಕಪ್ಪ? ತಿಪ್ಪೆ ಕೆಟ್ಟದ್ದಾ?’

ಹಿಂದಿನ ದಿನ ಸಂಜೆಯಷ್ಟೇ ಅವಳು ಆ ತಿಪ್ಪೆಗೆ ದೀಪ ಇಟ್ಟು ಬಂದಿದ್ದಳು. ದೀಪಾವಳಿ. ನಮ್ಮದು ಚಳ್ಳಕೆರೆ ಹತ್ತಿರದ ಒಂದು ಹಳ್ಳಿ. ನಮ್ಮ ಕಡೆ ಹಬ್ಬಕ್ಕೆ ಹೊಸ್ತಿಲಿಗೆ, ತುಳಸಿಕಟ್ಟೆಗೆ, ಕೊಟ್ಟಿಗೆಗೆ ದೀಪ ಇಟ್ಟ ಮೇಲೆ ತಿಪ್ಪೆಗೂ ಒಂದು ಇಡಲೇಬೇಕು. ಅಂಥವಳ ಮುಂದೆ ಕೂತು ನಾನು ತಿಪ್ಪೆ ಕೆಳಗೆ ಬರಬೇಕು ಅಂತ ಹೇಳುತ್ತಿದ್ದೆ. ಯಾಕೆಂದರೆ ಬರ್ಲಿನ್‌ನಲ್ಲಿ ಹುಟ್ಟಿ ಮೆಕ್ಸಿಕೋದಲ್ಲಿ ತೀರಿಕೊಂಡ ಒಬ್ಬ ತತ್ವಶಾಸ್ತ್ರದ ಮೇಷ್ಟ್ರು ಹಾಗೆ ಲೆಕ್ಕ ಹಾಕಿ ಇಟ್ಟಿದ್ದಾರೆ.

ಈ ಕಥೆಯನ್ನು ಮೊದಲಿಂದ ಹೇಳಬೇಕು.

ಆರು ವರ್ಷದ ಹಿಂದೆ ನಮ್ಮ ಆಫೀಸಿನಲ್ಲಿ ನನ್ನನ್ನು ಮ್ಯಾನೇಜರ್ ಮಾಡುವ ಮಾತು ನಡೆದಿತ್ತು. ಅದಕ್ಕೂ ಮೊದಲು ಒಂದು ಪರೀಕ್ಷೆ ಬರೆಯಬೇಕು ಅಂದರು. ಗಣಿತ, ಇಂಗ್ಲಿಷು, ತರ್ಕ ಯಾವುದೂ ಅಲ್ಲ, ಮೌಲ್ಯಗಳ ಪರೀಕ್ಷೆಯಂತೆ. ಹೆಸರು ಹಾರ್ಟ್‌ಮನ್ ವ್ಯಾಲ್ಯೂ ಪ್ರೊಫೈಲ್. ‘ಇದರಲ್ಲಿ ಪಾಸು ಫೇಲು ಇಲ್ಲ’ ಅಂದರು ಎಚ್‌ಆರ್‌ನವರು. ಯಾರಾದರೂ ಹೀಗೆ ಹೇಳಿದರೆ ನನಗೆ ಹೆದರಿಕೆ ಜಾಸ್ತಿ ಆಗುತ್ತದೆ.

ತೆರೆದು ನೋಡಿದರೆ ಅದರಲ್ಲಿ ಪ್ರಶ್ನೆಗಳೇ ಇಲ್ಲ. ಹದಿನೆಂಟು ತುಣುಕು ಮಾತುಗಳಿವೆ, ಅಷ್ಟೇ. ಒಂದು ಮಗು. ಒಂದು ಒಳ್ಳೆಯ ಊಟ. ಗುಲಾಮಗಿರಿ. ಒಂದು ಯೂನಿಫಾರ್ಮು. ಒಬ್ಬ ಹುಚ್ಚ. ಕಸದ ರಾಶಿ. ಒಬ್ಬ ಮನುಷ್ಯನಿಗೆ ಚಿತ್ರಹಿಂಸೆ ಕೊಡುವುದು. ಶಾರ್ಟ್ ಸರ್ಕ್ಯೂಟು. ಹಾರುತ್ತಿರುವ ವಿಮಾನವನ್ನು ಸ್ಫೋಟಿಸುವುದು. ಇವನ್ನು ಅತಿ ಒಳ್ಳೆಯದರಿಂದ ಹಿಡಿದು ಅತಿ ಕೆಟ್ಟದ್ದರವರೆಗೆ ಸಾಲಾಗಿ ಜೋಡಿಸಬೇಕು. ಎರಡಕ್ಕೆ ಒಂದೇ ಸ್ಥಾನ ಕೊಡುವಂತಿಲ್ಲ. ಅದು ಮುಗಿದ ಮೇಲೆ ಎರಡನೇ ಭಾಗ. ಅಲ್ಲೂ ಹದಿನೆಂಟು, ಆದರೆ ಈ ಸಲ ನಮ್ಮ ಬಗ್ಗೆಯೇ ಇರುವ ವಾಕ್ಯಗಳು. ನನಗೆ ನನ್ನ ಕೆಲಸ ಇಷ್ಟ, ಈ ಲೋಕ ನನ್ನ ಮನೆ ಅನ್ನಿಸುತ್ತದೆ, ನಾನು ಹುಟ್ಟಿದ ದಿನಕ್ಕೆ ಶಾಪ ಹಾಕುತ್ತೇನೆ, ಇಂಥವು.

ಮೊದಲಿಗೆ ನಗು ಬಂತು. ಮಗು ಒಳ್ಳೆಯದು, ಚಿತ್ರಹಿಂಸೆ ಕೆಟ್ಟದ್ದು. ಇದನ್ನು ತಿಳಿಯಲು ಪರೀಕ್ಷೆ ಬೇಕಾ? ಮೇಲಿನ ನಾಲ್ಕು, ಕೆಳಗಿನ ನಾಲ್ಕು ಎರಡು ನಿಮಿಷದಲ್ಲಿ ಮುಗಿದವು. ನಡುವಿನ ಹತ್ತರಲ್ಲಿ ಸಿಕ್ಕಿಹಾಕಿಕೊಂಡೆ. ಕಾರ್ಖಾನೆಯ ಅಸೆಂಬ್ಲಿ ಲೈನು ಮೇಲೋ, ಯೂನಿಫಾರ್ಮು ಮೇಲೋ? ದಂಡ ಕಟ್ಟುವುದು ಕೆಟ್ಟದ್ದೋ, ಶಾರ್ಟ್ ಸರ್ಕ್ಯೂಟು ಕೆಟ್ಟದ್ದೋ? ಒಂದನ್ನು ಮೇಲಕ್ಕೆ ಎಳೆದರೆ ಇನ್ನೊಂದು ತಾನಾಗಿಯೇ ಕೆಳಗೆ ಜಾರುತ್ತದೆ. ಎಲ್ಲದಕ್ಕೂ ಹತ್ತಕ್ಕೆ ಎಂಟು ಅಂಕ ಕೊಟ್ಟು ಒಳ್ಳೆಯವನಾಗಿ ಎದ್ದು ಬರುವ ದಾರಿಯೇ ಇಲ್ಲ.

ದಂಡ ಅಂದಾಗ ನೆನಪಾಯಿತು. ಇಂಗ್ಲಿಷಿನ ಪಟ್ಟಿಯಲ್ಲಿ ಅದು ‘ಎ ಫೈನ್’ ಅಂತ ಇತ್ತು. ನನ್ನ ಜೊತೆ ಪರೀಕ್ಷೆ ಬರೆದ ಗೆಳೆಯನೊಬ್ಬ ಫೈನ್ ಅಂದರೆ ಚೆನ್ನಾಗಿರುವುದು ಅಂದುಕೊಂಡು ಅದನ್ನು ನಾಲ್ಕನೇ ಸ್ಥಾನದಲ್ಲಿ ಇಟ್ಟಿದ್ದ. ಅವನ ವರದಿಯಲ್ಲಿ ನಿಯಮಗಳ ಬಗ್ಗೆ ಏನು ಬರೆದಿದ್ದರೋ ದೇವರೇ ಬಲ್ಲ.

ಹದಿನೆಂಟು ವಸ್ತುಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದು ಅಂತ ಮನೆಗೆ ಬಂದ ಮೇಲೆ ಲೆಕ್ಕ ಹಾಕಿದೆ. 6,40,23,73,70,57,28,000. ಬಾಯಲ್ಲಿ ಹೇಳಬೇಕೆಂದರೆ 64 ಕೋಟಿಯನ್ನು ಮತ್ತೆ ಒಂದು ಕೋಟಿಯಿಂದ ಗುಣಿಸಿದಷ್ಟು. ಲೋಕದಲ್ಲಿ ಈಗ ಇರುವವರು, ಹಿಂದೆ ಆಗಿಹೋದವರು ಎಲ್ಲರೂ ಬಂದು ಒಂದೊಂದು ಸಲ ಜೋಡಿಸಿದರೂ ಬಹುಪಾಲು ಕ್ರಮಗಳನ್ನು ಯಾರೂ ಮುಟ್ಟಿರುವುದಿಲ್ಲ. ಪರೀಕ್ಷೆ ಕಟ್ಟಿದ ಹಾರ್ಟ್‌ಮನ್ ಹೇಳುವುದು, ಇವುಗಳಲ್ಲಿ ಒಂದೇ ಒಂದು ಕ್ರಮ ಸರಿ ಅಂತ. ನಮ್ಮ ಕ್ರಮದಲ್ಲಿ ಪ್ರತಿಯೊಂದು ಮಾತು ಅದರಿಂದ ಎಷ್ಟು ಮನೆ ಆಚೀಚೆ ಸರಿದಿದೆ ಅಂತ ಕಳೆದು ಕೂಡಿಸುತ್ತಾರೆ. ಮೊತ್ತ ಕಮ್ಮಿ ಬಂದಷ್ಟೂ ನಮ್ಮ ವಿವೇಚನೆ ಚೆನ್ನಾಗಿದೆ ಅಂತ ಅರ್ಥ.

ಇಷ್ಟು ಧೈರ್ಯವಾಗಿ ಹೇಳುವ ಮನುಷ್ಯ ಯಾರು ಅಂತ ನನಗೆ ಕುತೂಹಲ ಹುಟ್ಟಿತು.

ರಾಬರ್ಟ್ ಹಾರ್ಟ್‌ಮನ್ ಹುಟ್ಟಿದ್ದು 1910ರಲ್ಲಿ, ಬರ್ಲಿನ್‌ನಲ್ಲಿ. ಹುಟ್ಟು ಹೆಸರು ಹಾರ್ಟ್‌ಮನ್ ಅಲ್ಲ, ಶಿರೋಕೌವರ್. ಕಾನೂನು ಓದಿದವರು. ನಾಜಿಗಳ ವಿರುದ್ಧ ಬಹಿರಂಗವಾಗಿ ಮಾತಾಡಿ, ಜೀವಕ್ಕೆ ಕುತ್ತು ಬಂದಾಗ ಸುಳ್ಳು ಪಾಸ್‌ಪೋರ್ಟ್ ಹಿಡಿದು ಜರ್ಮನಿಯಿಂದ ಓಡಿಹೋದರು. ಆ ಪಾಸ್‌ಪೋರ್ಟಿನಲ್ಲಿ ಇದ್ದ ಹೆಸರು ಹಾರ್ಟ್‌ಮನ್. ಕೊನೆಗೆ ಅದೇ ಉಳಿಯಿತು. ಹೊಟ್ಟೆಪಾಡಿಗೆ ವಾಲ್ಟ್ ಡಿಸ್ನಿ ಕಂಪನಿಯ ಪ್ರತಿನಿಧಿಯಾಗಿ ಕೆಲಸ ಮಾಡಿದರು, ಮೊದಲು ಸ್ಕ್ಯಾಂಡಿನೇವಿಯಾದಲ್ಲಿ, ಆಮೇಲೆ ಮೆಕ್ಸಿಕೋದಲ್ಲಿ. ಮಿಕ್ಕಿ ಮೌಸ್ ಮಾರುವ ಕೆಲಸದಿಂದ ಒಳ್ಳೆಯದು ಕೆಟ್ಟದ್ದರ ಲೆಕ್ಕಶಾಸ್ತ್ರಕ್ಕೆ ಬಂದವರು ಇವರೊಬ್ಬರೇ ಇರಬೇಕು. 1941ರಲ್ಲಿ ಅಮೆರಿಕ ಸೇರಿದರು, 1946ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ ಪಡೆದರು. ಕೊನೆಯ ವರ್ಷಗಳಲ್ಲಿ ಟೆನೆಸ್ಸಿಯಲ್ಲೂ ಮೆಕ್ಸಿಕೋದ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲೂ ಪಾಠ ಮಾಡಿದರು. 1973ರಲ್ಲಿ ತೀರಿಕೊಂಡರು.

ಅವರನ್ನು ಬದುಕಿಡೀ ಕಾಡಿದ್ದು ಒಂದೇ ವಿಷಯ. ಕೆಟ್ಟದ್ದನ್ನು ಹಿಟ್ಲರ್ ಅಷ್ಟು ಅಚ್ಚುಕಟ್ಟಾಗಿ ಸಂಘಟಿಸಬಹುದಾದರೆ ಒಳ್ಳೆಯದನ್ನು ಯಾಕೆ ಹಾಗೆ ಸಂಘಟಿಸಬಾರದು? ಅದಕ್ಕೆ ಮೊದಲು ಒಳ್ಳೆಯದು ಅಂದರೇನು ಅಂತ ಗೊತ್ತಾಗಬೇಕಲ್ಲ. ಇಂಗ್ಲೆಂಡಿನ ತತ್ವಶಾಸ್ತ್ರಜ್ಞ ಜಿ. ಇ. ಮೂರ್ 1903ರಲ್ಲೇ ‘ಒಳ್ಳೆಯದು’ ಅನ್ನುವುದಕ್ಕೆ ವ್ಯಾಖ್ಯೆ ಕೊಡಲು ಆಗುವುದಿಲ್ಲ ಅಂದಿದ್ದರು. ಹಾರ್ಟ್‌ಮನ್ ಅಲ್ಲಿಂದಲೇ ಶುರು ಮಾಡಿ ಒಂದು ಸರಳ ಸೂತ್ರ ಹಿಡಿದರು. ಒಂದು ವಸ್ತು ಏನೇನು ಆಗಿರಬೇಕೋ ಅದೆಲ್ಲ ಆಗಿದ್ದರೆ ಅದು ಒಳ್ಳೆಯದು. ಒಳ್ಳೆಯ ಕುರ್ಚಿ ಅಂದರೆ ಕುರ್ಚಿಗೆ ಇರಬೇಕಾದ ಗುಣಗಳೆಲ್ಲ ಇರುವ ಕುರ್ಚಿ. ಇಷ್ಟೇನಾ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಮುಂದಿನ ಹೆಜ್ಜೆಯಲ್ಲಿ ವಿಷಯ ಇದೆ.

ಬೆಲೆ ಕಟ್ಟುವುದರಲ್ಲಿ ಮೂರು ಬಗೆ ಇದೆ ಅಂತಾರೆ ಅವರು. ನಾನು ಇದನ್ನು ಅರ್ಥ ಮಾಡಿಕೊಂಡಿದ್ದು ಅಪ್ಪನನ್ನು ಇಟ್ಟುಕೊಂಡು. ಅಪ್ಪ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದರು. ಇಲಾಖೆಯ ಕಡತದಲ್ಲಿ ಅಪ್ಪ ಅಂದರೆ ಒಂದು ಬ್ಯಾಡ್ಜ್ ನಂಬರು. ಅದು ಇದೆ ಅಥವಾ ಇಲ್ಲ, ಅರ್ಧ ಕಂಡಕ್ಟರ್ ಅಂತ ಇರುವುದಿಲ್ಲ. ಇದು ಮೊದಲನೆಯದು, ಸಿಸ್ಟಮಿಕ್ ಬೆಲೆ. ಪಟ್ಟಿಯಲ್ಲಿ ಹೆಸರಿದ್ದರೆ ಮುಗಿಯಿತು. ಇನ್ನು ಡಿಪೋದಲ್ಲಿ ಅಪ್ಪನನ್ನು ಬೇರೆಯವರ ಜೊತೆ ಹೋಲಿಸುತ್ತಿದ್ದರು. ಕಲೆಕ್ಷನ್ ಎಷ್ಟು, ರಜೆ ಎಷ್ಟು, ಚಿಲ್ಲರೆ ಜಗಳ ಎಷ್ಟು. ಇದು ಎರಡನೆಯದು, ಎಕ್ಸ್‌ಟ್ರಿನ್ಸಿಕ್, ಅಂದರೆ ಉಪಯೋಗದ ಬೆಲೆ. ಇಲ್ಲಿ ಹೆಚ್ಚು ಕಮ್ಮಿ ಇದೆ, ಹೋಲಿಕೆ ಇದೆ. ಮೂರನೆಯದು ಅವ್ವನಿಗೆ ಮತ್ತು ನಮಗೆ ಗೊತ್ತಿದ್ದ ಅಪ್ಪ. ಟಿಕೆಟ್ ಹಿಂದೆ ಬಾಕಿ ಚಿಲ್ಲರೆ ಬರೆದು ಬರೆದು ಅಭ್ಯಾಸವಾಗಿ ದಿನಸಿ ಚೀಟಿಯನ್ನೂ ತಿರುಗಿಸಿ ಹಿಂದೆ ಬರೆಯುತ್ತಿದ್ದ ಅಪ್ಪ. ರಾತ್ರಿ ಪಾಳಿ ಮುಗಿಸಿ ಬಂದು ನಾವು ಏಳುತ್ತೇವೆ ಅಂತ ಬಾಗಿಲು ತಟ್ಟದೆ ಜಗುಲಿಯಲ್ಲೇ ಮಲಗುತ್ತಿದ್ದ ಅಪ್ಪ. ಹೀಗೆ ಬರೆಯುತ್ತಾ ಹೋದರೆ ಮುಗಿಯುವುದೇ ಇಲ್ಲ. ಅದೇ ಇಂಟ್ರಿನ್ಸಿಕ್ ಬೆಲೆ.

ಮುಗಿಯುವುದಿಲ್ಲ ಅನ್ನುವುದು ಇಲ್ಲಿ ಬರೀ ಮಾತಲ್ಲ. ಹಾರ್ಟ್‌ಮನ್ ಅದನ್ನು ಗಣಿತವನ್ನಾಗಿಯೇ ತೆಗೆದುಕೊಂಡರು. ಅನಂತಗಳಲ್ಲೂ ಚಿಕ್ಕದು ದೊಡ್ಡದು ಇದೆ ಅಂತ 19ನೇ ಶತಮಾನದಲ್ಲಿ ಗಣಿತಜ್ಞ ಗೇಯೋರ್ಗ್ ಕಾಂಟರ್ ತೋರಿಸಿದ್ದರು. ಒಂದು, ಎರಡು, ಮೂರು ಅಂತ ಎಣಿಸುತ್ತಾ ಹೋಗಬಹುದಾದ ಅನಂತ ಒಂದು. ಹಾಗೆ ಎಣಿಸಲು ಸಾಲು ಹಿಡಿಸಲೂ ಆಗದ, ಅದಕ್ಕಿಂತ ದೊಡ್ಡ ಅನಂತ ಇನ್ನೊಂದು. ಬ್ಯಾಡ್ಜ್ ನಂಬರಿನ ಅಪ್ಪನ ಗುಣಗಳು ಬೆರಳೆಣಿಕೆಯಷ್ಟು. ಡಿಪೋದ ಅಪ್ಪನವು ಎಣಿಸಬಹುದಾದ ಅನಂತ. ಮನೆಯ ಅಪ್ಪನವು ಎಣಿಸಲಾಗದ ಅನಂತ. ಹಾಗಾಗಿ ಮನುಷ್ಯ ವಸ್ತುವಿಗಿಂತ ದೊಡ್ಡವನು, ವಸ್ತು ನಿಯಮಕ್ಕಿಂತ ದೊಡ್ಡದು. ಹದಿನೆಂಟು ಮಾತುಗಳೂ ಇದರಿಂದಲೇ ಬಂದವು. ಮನುಷ್ಯ, ವಸ್ತು, ನಿಯಮ ಈ ಮೂರಕ್ಕೂ ಮೂರು ಬಗೆಯಲ್ಲಿ ಬೆಲೆ ಕಟ್ಟಿದರೆ ಒಂಬತ್ತು. ಬೆಲೆ ಕೂಡಿಸುವುದು ಒಂದು ಕಡೆ, ಬೆಲೆ ಕೆಡಿಸುವುದು ಇನ್ನೊಂದು ಕಡೆ. ಒಟ್ಟು ಹದಿನೆಂಟು.

ಇದು ಸಾಬೀತಾದ ಗಣಿತ ಅಂತ ನಾನು ಒಪ್ಪುವುದಿಲ್ಲ. ಒಬ್ಬ ಮನುಷ್ಯನ ಗುಣಗಳನ್ನು ಕಾಂಟರ್‌ನ ಸಂಖ್ಯೆಗೆ ಜೋಡಿಸುವುದು ಒಂದು ಉಪಮೆ. ಆದರೆ ಒಳ್ಳೆಯ ಉಪಮೆ. ದೇಶ ಬಿಟ್ಟು ಓಡಿ ಬಂದ ಒಬ್ಬ ಮನುಷ್ಯ, ಮನುಷ್ಯರನ್ನು ಪಟ್ಟಿ ಮಾಡಿ ಕೊಂದವರ ಎದುರು ಹೂಡಿದ ವಾದ ಅಂತ ನೋಡಿದರೆ ಇನ್ನೂ ಒಳ್ಳೆಯದು.

ನನ್ನ ಫಲಿತಾಂಶಕ್ಕೆ ಬರುತ್ತೇನೆ. ಲೋಕದ ಭಾಗದಲ್ಲಿ ನಾನು ಪರವಾಗಿಲ್ಲ. ನನ್ನ ಬಗೆಗಿನ ಭಾಗ ಮಾತ್ರ ಚೆಲ್ಲಾಪಿಲ್ಲಿ. ವರದಿ ಓದಿ ಹೇಳಲು ಬಂದಿದ್ದ ಹೆಂಗಸು ಮೆಲ್ಲಗೆ ಕೇಳಿದರು, ‘ನಾನು ನಾನಾಗಿರುವುದು ನನಗೆ ಸಂತೋಷ ಕೊಡುತ್ತದೆ ಅನ್ನುವ ಅರ್ಥದ ವಾಕ್ಯವನ್ನು ಎಲ್ಲಿ ಇಟ್ಟಿದ್ದೀರಿ, ನೆನಪಿದೆಯಾ ಸಾರ್?’ ನೆನಪಿರಲಿಲ್ಲ. ಒಂಬತ್ತನೇ ಸ್ಥಾನ. ಅದರ ಮೇಲಿದ್ದ ಎಂಟರಲ್ಲಿ ಐದು ಕೆಲಸದ ಬಗ್ಗೆ ಇದ್ದವು. ಬೇಕಂತ ಮಾಡಿದ್ದಲ್ಲ. ಕಂಪನಿ ಕೊಟ್ಟ ಪರೀಕ್ಷೆ, ಮ್ಯಾನೇಜರ್ ಕುರ್ಚಿ ಮುಂದಿದೆ, ಕೆಲಸದ ವಾಕ್ಯಗಳನ್ನು ಮೇಲೆ ಇಟ್ಟರೆ ಒಳ್ಳೆಯದು ಅಂತ ಕೈ ತಾನೇ ತೀರ್ಮಾನ ಮಾಡಿತ್ತು. ಅಥವಾ ಅದೇ ನಿಜವೂ ಇರಬಹುದು. ಆ ಎರಡರಲ್ಲಿ ಯಾವುದು ಅಂತ ಪರೀಕ್ಷೆಯೂ ಹೇಳಲಿಲ್ಲ, ನಾನೂ ಹೇಳಲಾರೆ.

ರಾತ್ರಿ ಹೆಂಡತಿಗೆ ಹೇಳಿದೆ. ‘ಒಂಬತ್ತನೇದಾ? ನಾನು ಇನ್ನೂ ಕೆಳಗೆ ಅಂದ್ಕೊಂಡಿದ್ದೆ’ ಅಂದಳು. ಸಾರಿಗೆ ಒಗ್ಗರಣೆ ಹಾಕುತ್ತಾ ಹೇಳಿದ ಮಾತು. ನಾನು ಸುಮ್ನೆ ತಟ್ಟೆ ತೊಳೆದಿಟ್ಟೆ.

ಮ್ಯಾನೇಜರ್ ಅಂತೂ ಆದೆ. ಇಲ್ಲಿಂದ ಮುಂದಿನದು ಬರೆಯಲು ಸ್ವಲ್ಪ ಕಷ್ಟ.

ಎರಡು ವರ್ಷ ಆದ ಮೇಲೆ ನಾನೇ ಸಂದರ್ಶನ ಮಾಡುವವರ ಸಾಲಿನಲ್ಲಿ ಕೂತೆ. ಮೂರು ಜನ ಅಭ್ಯರ್ಥಿಗಳು, ಮೂರು ವರದಿ, ಬಣ್ಣದ ಪಟ್ಟಿಗಳು. ಒಬ್ಬ ಹುಡುಗನ ವರದಿಯಲ್ಲಿ ಕೆಂಪು ಜಾಸ್ತಿ ಇತ್ತು. ಮಾತಿನಲ್ಲಿ ಅವನು ನನಗೆ ಇಷ್ಟವಾಗಿದ್ದ. ಹಿಂದಿನ ಕೆಲಸದಲ್ಲಿ ತಾನು ಮಾಡಿದ ಒಂದು ತಪ್ಪನ್ನು ನಾವು ಕೇಳದೆಯೇ ಹೇಳಿದ್ದ. ಆದರೂ ಚರ್ಚೆಯ ಹೊತ್ತಿಗೆ ಯಾರೋ ‘ಪ್ರೊಫೈಲ್ ನೋಡಿದ್ರಾ?’ ಅಂದರು. ‘ಹೌದು, ಸ್ವಲ್ಪ ರಿಸ್ಕ್’ ಅಂದೆ ನಾನು. ನಾನೇ ಅಂದೆ. ಹತ್ತು ನಿಮಿಷದಲ್ಲಿ ಮುಗಿಯಿತು.

ಹೊರಗೆ ಬಂದು ಕಾಫಿ ಕುಡಿಯುವಾಗ ತಲೆಗೆ ಬಂತು. ನಾನು ಆ ಹುಡುಗನನ್ನು ನೋಡಿದ್ದು ಮೊದಲನೇ ಬಗೆಯಲ್ಲಿ. ಬ್ಯಾಡ್ಜ್ ಇದೆಯಾ ಇಲ್ವಾ, ಕೆಂಪಾ ಹಸಿರಾ. ಮನುಷ್ಯನನ್ನು ಪಟ್ಟಿಯ ಒಂದು ಸಾಲಾಗಿ ನೋಡುವುದು ಅತಿ ಬಡ ದೃಷ್ಟಿ ಅಂತ ಹೇಳಲು ಒಬ್ಬರು ಬದುಕಿಡೀ ದುಡಿದು ಕಟ್ಟಿದ ಸಲಕರಣೆಯಿಂದಲೇ ನಾನು ಒಬ್ಬನನ್ನು ಸಾಲು ಮಾಡಿ ತೆಗೆದುಹಾಕಿದ್ದೆ. ಹಾರ್ಟ್‌ಮನ್ ಕಂಪನಿಗಳ ವಿರೋಧಿ ಏನಲ್ಲ. ಲಾಭವನ್ನು ಕೆಲಸಗಾರರ ಜೊತೆ ಹಂಚಿಕೊಳ್ಳುವ ಅಮೆರಿಕದ ಕಂಪನಿಗಳ ಕೂಟವನ್ನು ಕಟ್ಟುವುದರಲ್ಲಿ ಅವರೇ ಮುಂದೆ ನಿಂತಿದ್ದರು. ಪರೀಕ್ಷೆ ಕಂಪನಿಗೆ ಬಂದಿದ್ದರಲ್ಲಿ ಆಶ್ಚರ್ಯ ಇಲ್ಲ. ಅದು ನನ್ನಂಥವನ ಕೈಗೆ ಬಂದಾಗ ಏನಾಗುತ್ತದೆ ಅನ್ನುವುದು ಬೇರೆ ಮಾತು.

ಆಗಲೇ ನಾನು ಇಂಥ ಬೇರೆ ಪರೀಕ್ಷೆಗಳ ಬಗ್ಗೆ ಓದತೊಡಗಿದ್ದು. ತಪ್ಪು ಮಾಡಿದ ಮೇಲೆ ಓದುವುದು ನನ್ನ ಹಳೇ ಚಾಳಿ.

ಸ್ಥಾನ ಕೊಡುವ ಪರೀಕ್ಷೆಗಳಲ್ಲಿ ಇದಕ್ಕಿಂತ ಹೆಸರುವಾಸಿಯಾದದ್ದು ಮಿಲ್ಟನ್ ರೋಕೀಚ್ ಅವರದು. 1918ರಲ್ಲಿ ಪೋಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಮನಶ್ಶಾಸ್ತ್ರಜ್ಞ. ಇಲ್ಲೂ ಹದಿನೆಂಟರ ಎರಡು ಪಟ್ಟಿ. ಒಂದರಲ್ಲಿ ಬದುಕಿನ ಗುರಿಗಳು: ಸ್ವಾತಂತ್ರ್ಯ, ಸಮಾನತೆ, ಸುಖದ ಜೀವನ, ಮೋಕ್ಷ, ಹೀಗೆ. ಇನ್ನೊಂದರಲ್ಲಿ ನಡತೆಯ ಗುಣಗಳು: ಪ್ರಾಮಾಣಿಕತೆ, ಧೈರ್ಯ, ವಿಧೇಯತೆ. ಒಂದೊಂದು ಮಾತೂ ಅಂಟು ಚೀಟಿಯ ಮೇಲೆ ಅಚ್ಚಾಗಿರುತ್ತಿತ್ತು. ಕಿತ್ತು ಅಂಟಿಸಿ, ಮನಸ್ಸು ಬದಲಾದರೆ ಮತ್ತೆ ಕಿತ್ತು ಬೇರೆ ಕಡೆ ಅಂಟಿಸಬಹುದು. ಇದು ನನಗೆ ಬಹಳ ಹಿಡಿಸಿತು. ಕಂಪ್ಯೂಟರಿನಲ್ಲಿ ಎಳೆದು ಬಿಡುವುದಕ್ಕಿಂತ ಚೀಟಿ ಕೀಳುವಾಗ ಕೈಗೆ ಸ್ವಲ್ಪ ಜವಾಬ್ದಾರಿ ಇರುತ್ತದೆ. ಅವ್ವನ ಹತ್ತಿರ ಚೀಟಿ ಮಾಡಿಕೊಂಡು ಹೋಗುವ ಯೋಚನೆ ಬಂದದ್ದೂ ಇಲ್ಲಿಂದಲೇ.

ರೋಕೀಚ್ ಪಟ್ಟಿಗೆ ಸರಿ ಉತ್ತರ ಅಂತ ಇಲ್ಲ. ನಿಮ್ಮ ಕ್ರಮ ನಿಮ್ಮದು. ಅದರಲ್ಲೂ ಒಂದು ತೊಡಕಿದೆ. ನೀವೂ ಸ್ವಾತಂತ್ರ್ಯವನ್ನು ಮೊದಲು ಇಟ್ಟಿರಿ, ನಾನೂ ಇಟ್ಟೆ. ನಿಮಗೆ ಅದು ಜೀವದಷ್ಟು, ನನಗೆ ಉಳಿದ ಹದಿನೇಳಕ್ಕಿಂತ ಒಂದು ಎಳ್ಳಷ್ಟು ಜಾಸ್ತಿ. ಕಾಗದದ ಮೇಲೆ ಇಬ್ಬರದೂ ಒಂದೇ ಅಂಕಿ. ಒಬ್ಬನ ಒಳಗೆ ಏನು ಮೇಲೆ, ಏನು ಕೆಳಗೆ ಅಂತ ಹೇಳಬಹುದೇ ಹೊರತು ಇಬ್ಬರನ್ನು ಪಕ್ಕಪಕ್ಕ ನಿಲ್ಲಿಸಿ ಅಳೆಯುವುದು ಕಷ್ಟ.

ರೋಕೀಚ್ ಅದನ್ನು ಇನ್ನೊಂದು ಕೆಲಸಕ್ಕೆ ಬಳಸಿದರು. 1960ರ ದಶಕದ ಕೊನೆ. ಅಮೆರಿಕದಲ್ಲಿ ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟದ ಕಾಲ. ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ ಪಟ್ಟಿ ಜೋಡಿಸಿ ಆಮೇಲೆ ಒಂದು ಹಾಳೆ ತೋರಿಸಿದರು. ನಿಮ್ಮ ವಿಶ್ವವಿದ್ಯಾಲಯದವರು ಒಟ್ಟಾರೆ ಸ್ವಾತಂತ್ರ್ಯವನ್ನು ಒಂದನೇ ಸ್ಥಾನದಲ್ಲಿ, ಸಮಾನತೆಯನ್ನು ಹನ್ನೊಂದನೇ ಸ್ಥಾನದಲ್ಲಿ ಇಟ್ಟಿದ್ದಾರೆ. ಅಂದರೆ ಅವರಿಗೆ ಬೇರೆಯವರ ಸ್ವಾತಂತ್ರ್ಯಕ್ಕಿಂತ ತಮ್ಮ ಸ್ವಾತಂತ್ರ್ಯದ ಮೇಲೆ ಆಸೆ ಹೆಚ್ಚು ಅಂತ ಕಾಣುತ್ತದೆ. ಇಷ್ಟೇ. ಬೈಯಲಿಲ್ಲ, ಭಾಷಣ ಇಲ್ಲ. ಹಾಳೆ ನೋಡಿದವರು ತಮ್ಮ ಪಟ್ಟಿಯನ್ನು ನೋಡಿಕೊಂಡರು. ತಿಂಗಳುಗಳು ಕಳೆದ ಮೇಲೆ ಕಪ್ಪು ಜನರ ಹಕ್ಕುಗಳಿಗಾಗಿ ದುಡಿಯುವ ಎನ್‌ಎಎಸಿಪಿ ಸಂಸ್ಥೆಯಿಂದ ಅವರಿಗೂ, ಹಾಳೆ ತೋರಿಸದೆ ಬಿಟ್ಟಿದ್ದ ಉಳಿದ ವಿದ್ಯಾರ್ಥಿಗಳಿಗೂ ಸದಸ್ಯರಾಗಿ ಅಂತ ಪತ್ರ ಹೋಯಿತು. ಹಾಳೆ ನೋಡದವರಿಗಿಂತ ನೋಡಿದವರೇ ಹೆಚ್ಚು ಮಂದಿ ಅದಕ್ಕೆ ಉತ್ತರ ಕೊಟ್ಟರು.

ಇದನ್ನು ಓದಿದಾಗ ಖುಷಿಯೂ ಆಯಿತು, ಸ್ವಲ್ಪ ಇರಿಸುಮುರಿಸೂ ಆಯಿತು. ಹುಡುಗರಿಗೆ ಗೊತ್ತಿಲ್ಲದಂತೆ ಅವರ ಮನಸ್ಸನ್ನು ತಿರುಗಿಸುವುದು ಸರಿಯಾ? ರೋಕೀಚ್‌ಗೆ ಈ ಚಟ ಮೊದಲೇ ಇತ್ತು. 1959ರಲ್ಲಿ ಮಿಶಿಗನ್ನಿನ ಇಪ್ಸಿಲ್ಯಾಂಟಿ ಮಾನಸಿಕ ಆಸ್ಪತ್ರೆಯಲ್ಲಿ ತಾನೇ ಕ್ರಿಸ್ತ ಅಂತ ನಂಬಿದ್ದ ಮೂವರನ್ನು ಒಂದು ಕಡೆ ಸೇರಿಸಿ ಎರಡು ವರ್ಷ ಎದುರುಬದುರು ಕೂರಿಸಿದ್ದರು. ಒಬ್ಬನನ್ನು ಒಬ್ಬ ನೋಡಿ ಭ್ರಮೆ ಕಳೆದುಕೊಳ್ಳಬಹುದು ಅಂತ. ಕಳೆದುಕೊಳ್ಳಲಿಲ್ಲ. ವರ್ಷಗಳ ಮೇಲೆ ರೋಕೀಚ್ ತಾವೇ ಒಪ್ಪಿಕೊಂಡರು, ಆ ಮೂವರ ಭ್ರಮೆ ಬಿಡಿಸಲು ತನ್ನಿಂದ ಆಗಲಿಲ್ಲ, ತಾನು ದೇವರು ಅನ್ನುವ ತನ್ನ ಭ್ರಮೆಯನ್ನು ಅವರು ಬಿಡಿಸಿದರು ಅಂತ. ಪರೀಕ್ಷೆ ಮಾಡುವವರು ಹೀಗೆ ಬರೆದಿಟ್ಟಿದ್ದನ್ನು ನಾನು ಬೇರೆಲ್ಲೂ ಓದಿಲ್ಲ. ಆ ಸಂದರ್ಶನದ ಹತ್ತು ನಿಮಿಷ ನೆನೆದುಕೊಂಡರೆ ಅದು ನನಗೇ ಬರೆದ ಹಾಗಿದೆ.

ಸರಿ, ಅವ್ವನ ನಡುಮನೆಗೆ ವಾಪಸ್ಸು.

ಬೆಂಗಳೂರಿನಲ್ಲೇ ಪಟ್ಟಿಯನ್ನು ಕನ್ನಡ ಮಾಡಿಕೊಂಡು ಹಳೆ ಮದುವೆ ಕಾರ್ಡುಗಳನ್ನು ಕತ್ತರಿಸಿ ದಪ್ಪ ಅಕ್ಷರದಲ್ಲಿ ಬರೆದುಕೊಂಡು ಹೋಗಿದ್ದೆ. ಕನ್ನಡ ಮಾಡುವಾಗಲೇ ಎಡವಟ್ಟು ಶುರು. ಉಂಗುರ ತೊಡಿಸಿ ವರಿಸುತ್ತೇನೆ ಅನ್ನುವ ಚರ್ಚಿನ ಮದುವೆಯ ಮಾತಿಗೆ ಏನು ಬರೆಯಲಿ? ‘ತಾಳಿ ಕಟ್ಟುವುದು’ ಅಂತ ಬರೆದೆ. ಮತಕ್ಕೆ ವಿರುದ್ಧ ಮಾತಾಡಿದವನನ್ನು ಕಂಬಕ್ಕೆ ಕಟ್ಟಿ ಸುಡುವುದು ಅನ್ನುವುದು ಒಂದು ಚೀಟಿಯಲ್ಲಿ ಹಿಡಿಸಲಿಲ್ಲ. ಕಸದ ರಾಶಿಗೆ ‘ತಿಪ್ಪೆ’ ಅಂತ ಬರೆದೆ. ನಮ್ಮ ಕಡೆ ಕಸ ಹಾಕುವ ಜಾಗ ಅದೇ ತಾನೆ ಅಂತ. ಇಪ್ಪತ್ತೈದು ವರ್ಷ ಬೆಂಗಳೂರಿನಲ್ಲಿದ್ದರೆ ಹೀಗೇ ಆಗುವುದು.

‘ಯಾಕಪ್ಪ? ತಿಪ್ಪೆ ಕೆಟ್ಟದ್ದಾ?’ ಅಂದವಳು ಅಷ್ಟಕ್ಕೇ ಬಿಡಲಿಲ್ಲ. ಆ ತಿಪ್ಪೆಯ ಗೊಬ್ಬರ ಹೋಗದಿದ್ದರೆ ಹೊಲದಲ್ಲಿ ಶೇಂಗಾ ಎಲ್ಲಿಂದ ಬರುತ್ತಿತ್ತು ಅಂದಳು. ನಿಮ್ಮ ದೊಡ್ಡಪ್ಪನ ಹೆಸರೇನು ಅಂದಳು. ತಿಪ್ಪಣ್ಣ. ಅವರಿಗಿಂತ ಮುಂಚೆ ಹುಟ್ಟಿದ ಎರಡು ಕೂಸು ಉಳಿದಿರಲಿಲ್ಲ. ಮೂರನೆಯದನ್ನು ತಿಪ್ಪೆ ಮೇಲೆ ಹೊರಳಿಸಿ, ಇದು ಯಾರಿಗೂ ಬೇಡದ್ದು ಅಂತ ಸಾವಿಗೆ ನಂಬಿಸಿ, ಆ ಹೆಸರು ಇಟ್ಟಿದ್ದರು. ಅವರು ಎಂಬತ್ತೆರಡು ವರ್ಷ ಬದುಕಿದರು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ತೇರಿಗೆ ಹೋದರೆ ತಿಪ್ಪೇಸ್ವಾಮಿ ಅಂತ ಒಂದು ಸಲ ಕೂಗಿ ನೋಡಿ, ಐವತ್ತು ಜನ ತಿರುಗುತ್ತಾರೆ. ಬೇಡದ್ದನ್ನೆಲ್ಲ ಹಾಕುವ ಜಾಗವೂ ಅದೇ, ಬೇಕಾದದ್ದನ್ನು ಉಳಿಸಿಕೊಳ್ಳುವ ಜಾಗವೂ ಅದೇ. ಹಾರ್ಟ್‌ಮನ್ ಲೆಕ್ಕದಲ್ಲಿ ಅದು ವಸ್ತುಗಳು ಹಾಳಾದ ಸ್ಥಿತಿ. ಅವ್ವನ ಲೆಕ್ಕದಲ್ಲಿ ಐದನೇ ಸ್ಥಾನ. ನನ್ನ ತಪ್ಪು ಅನುವಾದ ಅಂತ ಹೇಳಿ ತಪ್ಪಿಸಿಕೊಳ್ಳಬಹುದು. ಆದರೆ ‘ಕಸ’ ಅಂತ ಬರೆದಿದ್ದರೂ ಅವಳು ‘ಯಾವ ಕಸ, ಹಸಿದಾ ಒಣದಾ’ ಅಂತಲೇ ಕೇಳುತ್ತಿದ್ದಳು.

ಯೂನಿಫಾರ್ಮು ಮೂರನೇ ಸ್ಥಾನಕ್ಕೆ ಹೋಯಿತು. ನಡುವಿನಲ್ಲೆಲ್ಲೋ ಇರಬೇಕಾದ ಸಾಧಾರಣ ಚೀಟಿ ಅದು. ಈ ಸಲ ನಾನು ಬಾಯಿ ತೆರೆಯಲಿಲ್ಲ. ಅಪ್ಪನ ಖಾಕಿ ಅಂಗಿ ಇನ್ನೂ ಟ್ರಂಕಿನಲ್ಲಿದೆ. ‘ಆ ಅಂಗಿನೇ ಅಲ್ವೇನೋ ನಿಮ್ಮಿಬ್ಬರನ್ನ ಓದ್ಸಿದ್ದು’ ಅಂತ ಮಾತ್ರ ಅಂದಳು.

ಅಸೆಂಬ್ಲಿ ಲೈನು ಅಂದರೆ ಏನು ಅಂತ ಕೇಳಿದಳು. ಸಾಲಾಗಿ ನಿಂತು ಒಬ್ಬೊಬ್ಬರು ಒಂದೊಂದು ಕೆಲಸ ಮಾಡುವುದು, ಗಾರ್ಮೆಂಟ್ಸ್‌ನಲ್ಲಿ ಮಾಡ್ತಾರಲ್ಲ ಹಾಗೆ ಅಂದೆ. ತಂಗಿಯ ನಾದಿನಿ ಪೀಣ್ಯದಲ್ಲಿ ಒಂದು ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ‘ಒಂದಕ್ಕೆ ಹೋಗಾಕೆ ಬಿಡ್ತಾರಾ?’ ಅಂತ ಕೇಳಿದಳು ಅವ್ವ. ಗೊತ್ತಿಲ್ಲ ಅಂದೆ. ‘ಗೊತ್ತಿಲ್ದಿದ್ರೆ ಹೆಂಗಪ್ಪ ಇಡಾದು’ ಅಂತ ಆ ಚೀಟಿಯನ್ನು ಮಂಡಿ ಕೆಳಗೆ ಸೇರಿಸಿದಳು. ಆಮೇಲೆ ತಂಗಿಗೆ ಫೋನು ಮಾಡಿಸಿ ಕೇಳಿಯೇ ಅದನ್ನು ಹದಿನಾಲ್ಕನೇ ಜಾಗಕ್ಕೆ ಇಟ್ಟಿದ್ದು.

ಒಳ್ಳೆಯ ಊಟ ಮತ್ತು ಮಗು ಎರಡನ್ನೂ ಒಂದರ ಮೇಲೊಂದು ಇಟ್ಟಳು. ಒಂದೇ ಸ್ಥಾನ ಕೊಡುವಂತಿಲ್ಲ ಅಂದೆ. ‘ಮಗೀಗೆ ಊಟ ಇಲ್ದೆ ಆಗ್ತದಾ?’ ಅಂದಳು. ಈ ವಾದಕ್ಕೆ ಗಣಿತದಲ್ಲಿ ಉತ್ತರ ಇರಬಹುದು, ನನ್ನ ಹತ್ತಿರ ಇರಲಿಲ್ಲ. ಕೊನೆಗೆ ನನ್ನ ಬಲವಂತಕ್ಕೆ ಊಟವನ್ನು ಒಂದು ಬೆರಳಷ್ಟು ಕೆಳಗೆ ಸರಿಸಿದಳು.

ಕೆಳಗಿನ ತುದಿಯಲ್ಲಿ ಮಾತ್ರ ಅವಳೂ ಹಾರ್ಟ್‌ಮನ್ನೂ ಒಂದೇ. ಚಿತ್ರಹಿಂಸೆಯ ಚೀಟಿಯನ್ನು ಎರಡು ಬೆರಳಲ್ಲಿ ಎತ್ತಿ ಕೊನೆಯಲ್ಲಿ ಇಟ್ಟು ಕೈ ಸೆರಗಿಗೆ ಒರೆಸಿಕೊಂಡಳು. ಅಲ್ಲಿ ಯೋಚನೆಯೇ ಮಾಡಲಿಲ್ಲ. ಬರ್ಲಿನ್‌ನಿಂದ ಬಂದ ದಾರಿ ಬೇರೆ, ಚಳ್ಳಕೆರೆಯಿಂದ ಬಂದ ದಾರಿ ಬೇರೆ, ಆ ಒಂದು ಚೀಟಿಯ ಹತ್ತಿರ ಎರಡೂ ಕೂಡಿದವು. ಮೇಲಿನ ಕ್ರಮದಲ್ಲಿ ಎಷ್ಟೇ ಜಗಳವಾದರೂ ಈ ಪಟ್ಟಿಯ ಬಗ್ಗೆ ನನಗೆ ಇವತ್ತಿಗೂ ಗೌರವ ಇರುವುದು ಇದಕ್ಕೇ.

ಕೊನೆಗೆ ಉಳಿದಿದ್ದು ಒಂದೇ ಚೀಟಿ. ಒಬ್ಬ ಹುಚ್ಚ.

‘ಯಾವ ಹುಚ್ಚ?’ ಅಂದಳು.

‘ಯಾವನೋ ಒಬ್ಬ, ಅವ್ವ. ಸುಮ್ನೆ ಒಬ್ಬ ಹುಚ್ಚ ಅಂತ ಇಟ್ಕೊ.’

‘ಯಾವನೋ ಅಂದ್ರೆ? ಹೆಸರು ಹೇಳು. ಹೆಸರು ಹೇಳಿದ್ರೆ ಇಡ್ತೀನಿ.’

ನಾನು ಹೇಳಲಿಲ್ಲ. ಅವಳ ತಲೆಯಲ್ಲಿ ಯಾರಿದ್ದಾರೆ ಅಂತ ಗೊತ್ತಿತ್ತು. ಬಸ್ಸು ನಿಲ್ಲುವ ಕಟ್ಟೆಯ ಮೇಲೆ ಇರುತ್ತಿದ್ದವನು. ನಾವು ಹುಡುಗರು ಕಲ್ಲು ಎಸೆಯುತ್ತಿದ್ದೆವು, ನಾನೂ ಎಸೆದಿದ್ದೇನೆ. ಮಧ್ಯಾಹ್ನ ಹಿತ್ತಲ ಬಾಗಿಲಿಗೆ ಬಂದು ‘ಅಕ್ಕ’ ಅಂತ ಒಂದೇ ಸಲ ಕೂಗುತ್ತಿದ್ದ. ಅವ್ವ ಅವನಿಗೆ ಅಂತ ಒಂದು ಮುದ್ದೆ ಜಾಸ್ತಿ ಕಟ್ಟುತ್ತಿದ್ದಳು. ಒಂದು ದಿನ ತಡವಾದರೆ ನನ್ನನ್ನು ಕಟ್ಟೆಗೆ ಕಳಿಸುತ್ತಿದ್ದಳು, ಊಟ ಆಯ್ತಾ ಕೇಳ್ಕೊಂಡು ಬಾ ಅಂತ. ಅವನು ತೀರಿಕೊಂಡು ಏಳೆಂಟು ವರ್ಷ ಆಗಿರಬೇಕು.

ಅವ್ವ ಚೀಟಿಯನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದಳು. ಹಾಲಿನವರು ಕೂಗಿದರು ಅಂತ ಎದ್ದು ಹೋದಳು. ನಾನು ಉಳಿದವನ್ನು ಅವಳು ಇಟ್ಟ ಕ್ರಮದಲ್ಲೇ ಬರೆದುಕೊಂಡು, ಚೀಟಿಗಳನ್ನು ಒಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿ ಬ್ಯಾಗಿಗೆ ಹಾಕಿದೆ.

ಬೆಂಗಳೂರಿಗೆ ಬಂದು ಅವಳ ಮೊತ್ತ ಎಷ್ಟು ಬರುತ್ತದೆ ನೋಡೋಣ ಅಂತ ಕೂತೆ. ಬಿಚ್ಚಿ ಎಣಿಸಿದರೆ ಹದಿನೇಳೇ ಇದ್ದವು. ಹದಿನೇಳಕ್ಕೆ ಆ ಲೆಕ್ಕ ಕೂಡುವುದಿಲ್ಲ. ಫೋನು ಮಾಡಿ ಕೇಳೋಣ ಅಂದುಕೊಂಡೆ, ಆಮೇಲೆ ಬೇಡ ಅನ್ನಿಸಿತು.